ಇ.ಎಸ್.ಐ. ಶಾಖಾ ಕಚೇರಿಯ ಕ್ಲೇಮು ವಿಭಾಗ: ಬಾಕಿ ಪಟ್ಟಿಯ ಆಚೆ ಮೇಲ್ವಿಚಾರಕರು ಏನು ನೋಡಬೇಕು?

ಟಪಾಲುಮೇಜು

ನೌಕರರ ರಾಜ್ಯ ವಿಮಾ ನಿಗಮದ ಶಾಖಾ ಕಚೇರಿಯಲ್ಲಿ ಕ್ಲೇಮು ಗುಮಾಸ್ತರ ಮೇಲ್ವಿಚಾರಣೆ ಹೊಸದಾಗಿ ವಹಿಸಿಕೊಂಡವರಿಗೆ ಮೊದಲು ಕೈಗೆ ಸಿಗುವುದು ಒಂದೇ ಅಳತೆಗೋಲು. ಎಷ್ಟು ಬಂತು, ಎಷ್ಟು ವಿಲೇವಾರಿಯಾಯಿತು, ಎಷ್ಟು ಬಾಕಿ. ಈ ಅಂಕಿ ಚೆನ್ನಾಗಿದ್ದರೂ ಕೌಂಟರಿನ ಮುಂದೆ ಅದೇ ಜನ ಮತ್ತೆ ಮತ್ತೆ ಬಂದು ನಿಲ್ಲುತ್ತಾರೆ ಅಂದರೆ ಒಳಗೆ ಏನೋ ಸರಿಯಿಲ್ಲ. ನಾಲ್ಕೈದು ವಿಷಯ ನಿರ್ವಾಹಕರಿರುವ (ಅಂದರೆ ಕಡತ ನೋಡುವ ಗುಮಾಸ್ತರಿರುವ) ವಿಭಾಗದಲ್ಲಿ ಕೆಲಸ ಹೇಗೆ ಹಂಚಬೇಕು, ದಿನಾ ಏನನ್ನು ತೆರೆದು ನೋಡಬೇಕು, ಯಾವ ತಪ್ಪು ಎಲ್ಲಿ ಹುಟ್ಟುತ್ತದೆ? ತಿಳಿದವರು ವಿವರವಾಗಿ ಬರೆಯಿರಿ.

ಹಿಂಬರಹ

ಮೊದಲು ತಿರಸ್ಕೃತ ಕಡತಗಳಿಂದ ಶುರು ಮಾಡಿ. ನಮ್ಮ ವ್ಯವಸ್ಥೆಯಲ್ಲಿ ಹಣ ಕೊಡುವ ಕಡತವನ್ನು ಕನಿಷ್ಠ ಇಬ್ಬರು ನೋಡುತ್ತಾರೆ, ಆಮೇಲೆ ಲೆಕ್ಕಪರಿಶೋಧನೆಯೂ ನೋಡುತ್ತದೆ. ಹಣ ಕೊಡದ ಕಡತವನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಅನುಮಾನ ಬಂದಾಗ ಗುಮಾಸ್ತನಿಗೆ ತಿರಸ್ಕಾರವೇ ಸುರಕ್ಷಿತ ದಾರಿಯಾಗಿ ಕಾಣುತ್ತದೆ. ಅವನಿಗೆ ಕೆಟ್ಟ ಮನಸ್ಸಿದೆ ಅಂತಲ್ಲ, ತಪ್ಪಾಗಿ ಕೊಟ್ಟರೆ ಮೆಮೊ ಬರುತ್ತದೆ, ತಪ್ಪಾಗಿ ನಿರಾಕರಿಸಿದರೆ ಏನೂ ಬರುವುದಿಲ್ಲ. ಇದನ್ನು ತಿರುಗಿಸುವುದು ಮೇಲ್ವಿಚಾರಕರ ಮೊದಲ ಕೆಲಸ.

ಪ್ರತಿ ತಿರಸ್ಕಾರದ ಹಿಂಬರಹಕ್ಕೂ ನಿಮ್ಮ ಸಹಿ ಬೇಕು ಎಂದು ಆದೇಶ ಮಾಡಿ. ಅದರಲ್ಲಿ ಯಾವ ಷರತ್ತು ಪೂರೈಸಿಲ್ಲ, ದಾಖಲೆಯಲ್ಲಿ ಎಷ್ಟು ದಿನ ಇದೆ, ಎಷ್ಟು ಬೇಕಿತ್ತು, ಮುಂದೆ ಎಲ್ಲಿ ಪ್ರಶ್ನಿಸಬಹುದು, ಇಷ್ಟೂ ಇರಬೇಕು. "ಅರ್ಹರಲ್ಲ" ಎಂಬ ಒಂದು ಪದದ ಷರಾ ಕಂಡರೆ ಕಡತ ವಾಪಸ್. ಕಾರ್ಮಿಕ ವಿಮಾ ನ್ಯಾಯಾಲಯದ ಮುಂದೆ ಅಂಥ ಆದೇಶಕ್ಕೆ ಕಾಲೇ ಇರುವುದಿಲ್ಲ.

ವಂತಿಗೆ_ಚಲನ್

ಮೇಲಿನದಕ್ಕೆ ಒಂದು ನಿರ್ದಿಷ್ಟ ಉದಾಹರಣೆ ಸೇರಿಸುತ್ತೇನೆ. ಕಾಯಿಲೆ ಸೌಲಭ್ಯಕ್ಕೆ (ಕಾಯಿಲೆ ರಜೆಯ ದಿನಗಳಿಗೆ ಕೊಡುವ ಹಣ) ವಂತಿಗೆ ಅವಧಿಯಲ್ಲಿ, ಅಂದರೆ ವಿಮಾ ಕಂತು ಲೆಕ್ಕಕ್ಕೆ ಹಿಡಿಯುವ ಆರು ತಿಂಗಳಲ್ಲಿ, 78 ದಿನದ ವಂತಿಗೆ ಬೇಕು ಎಂಬುದು ಎಲ್ಲ ಗುಮಾಸ್ತರಿಗೂ ಬಾಯಿಪಾಠ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವನ ಮೊದಲ ವಂತಿಗೆ ಅವಧಿ ಮೊಟಕಾಗಿರುತ್ತದೆ. ಅದು 156 ದಿನಕ್ಕಿಂತ ಕಡಿಮೆಯಿದ್ದರೆ, ಆ ಅವಧಿಯಲ್ಲಿ ಕೆಲಸಕ್ಕೆ ಲಭ್ಯವಿದ್ದ ದಿನಗಳ ಅರ್ಧದಷ್ಟು ವಂತಿಗೆ ಇದ್ದರೆ ಸಾಕು. ಜುಲೈ ಕೊನೆಯಲ್ಲಿ ಸೇರಿದವನಿಗೆ ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿಯುತ್ತದೆ, 78 ದಿನ ಸಿಗುವುದೇ ಇಲ್ಲ. ಈ ವಿನಾಯಿತಿ ಗೊತ್ತಿಲ್ಲದೆ ತಿರಸ್ಕರಿಸಿದ ಕ್ಲೇಮುಗಳು ಹುಡುಕಿದರೆ ಸಿಗುತ್ತವೆ. ನೇಮಕದ ದಿನಾಂಕ ನೋಡಿ, ತಿರಸ್ಕೃತ ಪಟ್ಟಿಯಲ್ಲಿ ಹೊಸಬರನ್ನೆಲ್ಲ ಬೇರೆ ಮಾಡಿ ಒಂದು ಸಲ ಮರುಪರಿಶೀಲಿಸಿ.

ಅವಧಿಗಳ ಜೋಡಣೆಯಲ್ಲೂ ಎಡವುತ್ತಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರ ವಂತಿಗೆಗೆ ಮುಂದಿನ ಜನವರಿ 1ರಿಂದ ಜೂನ್ 30ರ ಸೌಲಭ್ಯ ಅವಧಿ, ಅಂದರೆ ಆ ವಂತಿಗೆಯ ಮೇಲೆ ಸೌಲಭ್ಯ ಪಡೆಯಬಹುದಾದ ಆರು ತಿಂಗಳು. ಅಕ್ಟೋಬರ್ 1ರಿಂದ ಮಾರ್ಚ್ 31ರ ವಂತಿಗೆಗೆ ಜುಲೈ 1ರಿಂದ ಡಿಸೆಂಬರ್ 31. ನವೆಂಬರಿನಲ್ಲಿ ಕಾಯಿಲೆ ಬಿದ್ದವನಿಗೆ ಅದಕ್ಕೂ ಹಿಂದಿನ ಅಕ್ಟೋಬರ್-ಮಾರ್ಚ್ ನೋಡಬೇಕು, ಮೊನ್ನೆ ಮುಗಿದ ಏಪ್ರಿಲ್-ಸೆಪ್ಟೆಂಬರ್ ಅಲ್ಲ. ಗಣಕ ಇದನ್ನು ತಾನೇ ಹಿಡಿಯುತ್ತದೆ, ನಿಜ. ಆದರೆ ಕೌಂಟರಿನಲ್ಲಿ ಕೂತವರು ಬಾಯಿಮಾತಲ್ಲಿ "ನಿಮಗೆ ಬರೋದಿಲ್ಲ" ಅಂದು ಅರ್ಜಿಯನ್ನೇ ತೆಗೆದುಕೊಳ್ಳದೆ ಕಳಿಸುವ ಹೊತ್ತಿಗೆ ಗಣಕದ ಮಾತೇ ಬರುವುದಿಲ್ಲ. ಬಾಯಿಮಾತಿನ ತಿರಸ್ಕಾರವನ್ನು ಪೂರ್ತಿ ನಿಲ್ಲಿಸಬೇಕು. ಬಂದ ಅರ್ಜಿಗೆಲ್ಲ ಸ್ವೀಕೃತಿ, ಆಮೇಲೆ ಲಿಖಿತ ಉತ್ತರ.

ಟಪಾಲುಮೇಜು

ಅರ್ಜಿ ಅಪೂರ್ಣವಾಗಿದ್ದರೆ? ಅದನ್ನೂ ಸ್ವೀಕರಿಸಿದರೆ ಬಾಕಿ ಏರುತ್ತದಲ್ಲ?

ಕಡತಸಂಖ್ಯೆ

ಏರಲಿ. ಆ ಬಾಕಿ ನಿಜವಾದ ಬಾಕಿ.

ಇ.ಎಸ್.ಐ. ನಿಯಮಾವಳಿಯ 52ನೇ ನಿಯಮ ಕಾಲಮಿತಿ ಹೇಳುತ್ತದೆ. ಕಾಯಿಲೆ ಸೌಲಭ್ಯದ ಮೊದಲ ಪಾವತಿ 7 ದಿನದೊಳಗೆ, ಹೆರಿಗೆ ಸೌಲಭ್ಯ 14 ದಿನ, ಅಂತ್ಯಸಂಸ್ಕಾರ ವೆಚ್ಚ 15 ದಿನ, ತಾತ್ಕಾಲಿಕ ಮತ್ತು ಶಾಶ್ವತ ಅಂಗವೈಕಲ್ಯ ಎರಡಕ್ಕೂ ಒಂದು ತಿಂಗಳು, ಅವಲಂಬಿತರ ಸೌಲಭ್ಯ (ಕೆಲಸದ ಗಾಯದಿಂದ ಸತ್ತವನ ಮನೆಯವರಿಗೆ ಕೊಡುವುದು) ಮೂರು ತಿಂಗಳು. ಇವೆಲ್ಲ ಕ್ಲೇಮು ಎಲ್ಲ ದಾಖಲೆಗಳೊಂದಿಗೆ ಸಲ್ಲಿಕೆಯಾದ ದಿನದಿಂದ. ಕೊನೆಯ ಮಾತನ್ನೇ ದುರುಪಯೋಗ ಮಾಡಿಕೊಳ್ಳುವುದು. ಆರನೇ ದಿನ ಒಂದು ಆಕ್ಷೇಪಣೆ, ಗಡಿಯಾರ ಸೊನ್ನೆಗೆ. ಅದಕ್ಕೆ ಉತ್ತರ ಬಂದ ಮೇಲೆ ಐದನೇ ದಿನ ಇನ್ನೊಂದು. ವರದಿಯಲ್ಲಿ ಒಂದೂ ತಡವಾಗಿರುವುದಿಲ್ಲ, ವಿಮಾದಾರ ಎರಡು ತಿಂಗಳು ಓಡಾಡಿರುತ್ತಾನೆ.

ಇದಕ್ಕೆ ಮದ್ದು ಎರಡು ದಿನಾಂಕ ಇಡುವುದು. ಮೊದಲ ಸ್ವೀಕೃತಿಯ ದಿನಾಂಕ ಎಂದೂ ಬದಲಾಗಬಾರದು, ಪೂರ್ಣಗೊಂಡ ದಿನಾಂಕ ಬೇರೆ ಕಾಲಂ. ವಾರದ ಪಟ್ಟಿಯನ್ನು ಮೊದಲ ದಿನಾಂಕದ ಪ್ರಕಾರ ತೆಗೆಯಿರಿ, ಅತಿ ಹಳೆಯ ಹತ್ತು ಕಡತಗಳನ್ನು ಕೈಯಲ್ಲೇ ಹಿಡಿದು ಓದಿ. ಎರಡನೆಯದಾಗಿ, ಆಕ್ಷೇಪಣೆ ಒಂದೇ ಸಲ: ಇರುವ ಕೊರತೆಗಳನ್ನೆಲ್ಲ ಒಂದೇ ಪತ್ರದಲ್ಲಿ, ಅರ್ಜಿ ಬಂದು ಎರಡು ಕೆಲಸದ ದಿನದೊಳಗೆ ಬರೆಯಬೇಕು. ಎರಡನೇ ಆಕ್ಷೇಪಣೆ ಹಾಕಬೇಕಾದರೆ ಮೇಲ್ವಿಚಾರಕರ ಅನುಮತಿ. ಹೀಗೆ ಮಾಡಿದಾಗ ಗುಮಾಸ್ತರು ಮೊದಲ ಓದಿನಲ್ಲೇ ಕಡತವನ್ನು ಪೂರ್ತಿ ಓದಲು ಶುರು ಮಾಡುತ್ತಾರೆ, ಅದೇ ದೊಡ್ಡ ಲಾಭ.

ಇನ್ನು, ಮಿತಿ ಮೀರಿದ ಪಾವತಿಯನ್ನು ಪ್ರಾದೇಶಿಕ ಕಚೇರಿಗೆ ವರದಿ ಮಾಡಬೇಕು ಅಂತ ಅದೇ ನಿಯಮದಲ್ಲಿದೆ. ಆ ವರದಿಯನ್ನು ಅವಮಾನ ಅಂದುಕೊಳ್ಳಬೇಡಿ. ಸಿಬ್ಬಂದಿ ಕೊರತೆ ಇದ್ದರೆ ಅದನ್ನು ದಾಖಲೆ ಸಮೇತ ಹೇಳಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಲೆಕ್ಕತಪಾಸಣೆ

ಕೊಡುವ ಕಡತಗಳನ್ನು ಹಗುರವಾಗಿ ನೋಡಬಾರದು. ಮುಖ್ಯವಾಗಿ ದಿನದ ದರ. ಸರಾಸರಿ ದಿನಗೂಲಿ ಅಂದರೆ ವಂತಿಗೆ ಅವಧಿಯ ಒಟ್ಟು ವೇತನವನ್ನು, ವೇತನ ಸಂದ ದಿನಗಳ ಸಂಖ್ಯೆಯಿಂದ ಭಾಗಿಸಿದ್ದು. ಆರು ತಿಂಗಳಲ್ಲಿ 1,08,000 ರೂಪಾಯಿ, 150 ದಿನ ಅಂದರೆ 720 ರೂಪಾಯಿ. ಕಾಯಿಲೆ ಸೌಲಭ್ಯ ಅದರ 70 ಶೇಕಡಾ, 504 ರೂಪಾಯಿ. ಕೆಲಸದ ಗಾಯದ ತಾತ್ಕಾಲಿಕ ಅಂಗವೈಕಲ್ಯಕ್ಕೆ 90 ಶೇಕಡಾ, 648. ಇದೇ ಮೊತ್ತವನ್ನು ಕ್ಯಾಲೆಂಡರಿನ 182 ದಿನಕ್ಕೆ ಭಾಗಿಸಿದರೆ ಕಾಯಿಲೆ ದರ 415ಕ್ಕೆ ಇಳಿಯುತ್ತದೆ. ಒಂದು ತಿಂಗಳ ರಜೆಗೆ 2,600 ರೂಪಾಯಿಗಿಂತ ಹೆಚ್ಚು ನಷ್ಟ, ಅದೂ ಕಾಯಿಲೆ ಬಿದ್ದ ಮನೆಗೆ.

ಈ ತಪ್ಪು ನಮ್ಮ ಗುಮಾಸ್ತರಿಂದಲೇ ಆಗಬೇಕೆಂದಿಲ್ಲ. ಮಾಲೀಕರು ತಿಂಗಳ ವಂತಿಗೆ ತುಂಬುವಾಗ ದಿನಗಳ ಕಾಲಮಿನಲ್ಲಿ ಏನು ಹಾಕಿದ್ದಾರೋ ಅದೇ ಛೇದ. ಒಂದು ಕಾರ್ಖಾನೆ 26 ಹಾಕುತ್ತದೆ, ಪಕ್ಕದ್ದು 30. ಒಂದೇ ಕಾರ್ಖಾನೆಯಲ್ಲಿ ಒಂದು ತಿಂಗಳು 26, ಮುಂದಿನ ತಿಂಗಳು 31 ಕಂಡರೆ ಹಾಜರಾತಿ ಪುಸ್ತಕ ತರಿಸಿ. ಕ್ಲೇಮು ಗುಮಾಸ್ತ ದರವನ್ನು ನೋಡಿ ಸುಮ್ಮನೆ ಟಿಕ್ ಹಾಕುವ ಬದಲು ಆರು ತಿಂಗಳ ದಿನ-ವೇತನದ ಸಾಲನ್ನು ಒಮ್ಮೆ ಕಣ್ಣಾಡಿಸಬೇಕು. ಅರ್ಧ ನಿಮಿಷದ ಕೆಲಸ.

ಅದೇ ಸಾಲು ವಂಚನೆಯನ್ನೂ ತೋರಿಸುತ್ತದೆ. ಒಂದೇ ತಿಂಗಳಲ್ಲಿ 26 ದಿನದ ವೇತನ ಸಂದಿದೆ, ಜೊತೆಗೆ 12 ದಿನದ ಕಾಯಿಲೆ ಪ್ರಮಾಣಪತ್ರವೂ ಇದೆ ಅಂದರೆ ಎರಡೂ ನಿಜವಾಗಿರಲು ಸಾಧ್ಯವಿಲ್ಲ. ವೇತನ ಪಡೆದ ದಿನಕ್ಕೆ ಕಾಯಿಲೆ ಸೌಲಭ್ಯ ಇಲ್ಲ. ಕಾಯಿಲೆ, ಹೆರಿಗೆ, ತಾತ್ಕಾಲಿಕ ಅಂಗವೈಕಲ್ಯ ಇವುಗಳಲ್ಲಿ ಎರಡನ್ನು ಒಂದೇ ದಿನಕ್ಕೆ ಕೊಡುವಂತೆಯೂ ಇಲ್ಲ.

ಷರಾ

ಗೈರುಹಾಜರಿ ಪರಿಶೀಲನೆಯ 10ನೇ ನಮೂನೆಯ ಬಗ್ಗೆ, ಅಂದರೆ ವಿಮಾದಾರ ಆ ದಿನಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದಿರಲಿಲ್ಲವೇ ಎಂದು ಮಾಲೀಕರನ್ನು ಕೇಳುವ ಕಾಗದದ ಬಗ್ಗೆ, ಯಾರಾದರೂ ಹೇಳಲೇಬೇಕು. ಅದನ್ನು ಮಾಲೀಕರಿಗೆ ಕಳಿಸಿ, ಉತ್ತರ ಬರಲಿಲ್ಲ ಅಂತ ಕ್ಲೇಮನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಅಭ್ಯಾಸ ಬಹಳ ಕಡೆ ಇದೆ. ಮಾಲೀಕ ಉತ್ತರಿಸದಿರುವುದು ವಿಮಾದಾರನ ತಪ್ಪಲ್ಲ. ಕಳಿಸಿದ ದಿನಾಂಕ, ಜ್ಞಾಪನದ ದಿನಾಂಕ, ಸಾಮಾಜಿಕ ಭದ್ರತಾ ಅಧಿಕಾರಿಯ ಭೇಟಿಯ ದಿನಾಂಕ ಮೂರೂ ಒಂದೇ ವಹಿಯಲ್ಲಿ ಇರಲಿ. ಯಾವ ಕಾರ್ಖಾನೆ ಪದೇ ಪದೇ ಉತ್ತರಿಸುವುದಿಲ್ಲವೋ ಅದನ್ನು ಆ ವಹಿಯೇ ಹೇಳುತ್ತದೆ, ಆಗ ಒಂದೇ ಭೇಟಿಯಲ್ಲಿ ಹತ್ತು ಕಡತ ಮುಗಿಸಬಹುದು.

ಟಪಾಲುಮೇಜು

ಕೆಲಸ ಹಂಚಿಕೆಯ ಬಗ್ಗೆ? ಸೌಲಭ್ಯದ ಪ್ರಕಾರವೋ, ವಿಮಾ ಸಂಖ್ಯೆಯ ಪ್ರಕಾರವೋ?

ಕಡತಸಂಖ್ಯೆ

ವಿಮಾ ಸಂಖ್ಯೆಯ ಕೊನೆಯ ಅಂಕಿಯ ಪ್ರಕಾರ. ಒಬ್ಬ ವಿಮಾದಾರನ ಕಾಯಿಲೆ, ಅಪಘಾತ, ಹೆರಿಗೆ ಎಲ್ಲ ಒಂದೇ ಮೇಜಿಗೆ ಬಂದರೆ ಒಂದೇ ದಿನಕ್ಕೆ ಎರಡು ಸೌಲಭ್ಯ ಕೇಳಿದ್ದು ತಾನಾಗಿ ಕಣ್ಣಿಗೆ ಬೀಳುತ್ತದೆ. ಕೌಂಟರಿನಲ್ಲೂ "ಅದು ನನ್ನ ಸೀಟಲ್ಲ" ಅನ್ನುವ ಮಾತು ನಿಲ್ಲುತ್ತದೆ. ಕಾರ್ಖಾನೆವಾರು ಮಾತ್ರ ಹಂಚಬೇಡಿ. ಒಬ್ಬ ಗುಮಾಸ್ತ, ಒಂದು ಕಾರ್ಖಾನೆಯ ಆಡಳಿತ ಸಿಬ್ಬಂದಿ, ಇಬ್ಬರಿಗೂ ವರ್ಷಗಟ್ಟಲೆ ಪರಿಚಯ ಅಂದರೆ ಪರಿಶೀಲನೆ ಸಡಿಲವಾಗುತ್ತದೆ.

ಹಿಂಬರಹ

ಪೂರ್ತಿ ಒಪ್ಪಲಾರೆ. ಕಾಯಿಲೆ ಮತ್ತು ಹೆರಿಗೆಗೆ ಕೊನೆಯ ಅಂಕಿ ಸರಿ. ಅಪಘಾತ ಮತ್ತು ಅವಲಂಬಿತರ ಸೌಲಭ್ಯ ಬೇರೆಯೇ ಕೌಶಲ. ಅದರಲ್ಲಿ ಸಾಕ್ಷ್ಯ ತೂಗಬೇಕು, ಕಾನೂನು ಓದಬೇಕು. ಇಬ್ಬರನ್ನು ಅದಕ್ಕೇ ತಯಾರು ಮಾಡಿ, ಮೂರನೆಯವರನ್ನು ಜೊತೆಗೆ ಕೂರಿಸಿ ಕಲಿಸಿ. ಇಲ್ಲದಿದ್ದರೆ ಆ ಇಬ್ಬರಲ್ಲಿ ಒಬ್ಬರು ರಜೆ ಹಾಕಿದ ವಾರ ವಿಧವೆಯ ಕಡತ ಕದಲುವುದಿಲ್ಲ.

ಅಪಘಾತದ ಕಡತದಲ್ಲಿ ಗುಮಾಸ್ತರಿಗೆ ಮನದಟ್ಟು ಮಾಡಬೇಕಾದದ್ದು ಏನೆಂದರೆ: ಅಪಘಾತ ಕೆಲಸದ ಅವಧಿಯಲ್ಲಿ ಆಗಿದೆ ಎಂದು ತೋರಿದರೆ, ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ ಅದು ಕೆಲಸದಿಂದಲೇ ಆಯಿತು ಎಂದು ಊಹಿಸಬೇಕು. 1948ರ ಇ.ಎಸ್.ಐ. ಕಾಯ್ದೆಯ 51ಎ ಕಲಂ ಹೇಳಿದ್ದು ಅದೇ. ಯಂತ್ರದ ರಕ್ಷಣಾ ಕವಚ ತೆಗೆದಿದ್ದ, ಸುರಕ್ಷತಾ ಸೂಚನೆ ಮೀರಿದ್ದ ಎಂಬ ಮಾಲೀಕರ ಷರಾ ನೋಡಿ ತಿರಸ್ಕರಿಸುವಂತಿಲ್ಲ. ಮಾಲೀಕರ ಕೆಲಸಕ್ಕಾಗಿಯೇ ಮಾಡುತ್ತಿದ್ದರೆ ಸೂಚನೆ ಮೀರಿದ್ದರೂ ಅದು ಕೆಲಸದ ಗಾಯವೇ, 51ಬಿ ನೋಡಿ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತ 2010ರ ತಿದ್ದುಪಡಿಯಿಂದ ಸೇರಿದೆ. ಅದಕ್ಕೆ ಸಮಯ, ಸ್ಥಳ, ಸಂದರ್ಭ ಮೂರಕ್ಕೂ ಕೆಲಸದೊಂದಿಗೆ ನಂಟು ತೋರಿಸಬೇಕು. ಹಾಗಾಗಿ ಪಾಳಿಯ ವೇಳಾಪಟ್ಟಿ, ಎಫ್.ಐ.ಆರ್. ಅಥವಾ ಆಸ್ಪತ್ರೆಗೆ ದಾಖಲಾದ ಸಮಯ, ಮನೆಯ ವಿಳಾಸದಿಂದ ದಾರಿಯ ನಕ್ಷೆ, ಇಷ್ಟನ್ನು ಮೊದಲ ಪತ್ರದಲ್ಲೇ ಕೇಳಿ.

ವಂತಿಗೆ_ಚಲನ್

ಅಪಘಾತಕ್ಕೆ ವಂತಿಗೆ ದಿನಗಳ ಷರತ್ತೇ ಇಲ್ಲ ಎಂಬುದನ್ನೂ ಸೇರಿಸಿ. ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ಅವನು ವಿಮಾದಾರ. ಇದೇ ಕಾರಣಕ್ಕೆ ಇಲ್ಲಿ ಒಂದು ನಿಜವಾದ ಅಪಾಯವೂ ಇದೆ. ನೋಂದಣಿ ಮಾಡದೆ ದುಡಿಸಿಕೊಂಡು, ಅಪಘಾತವಾದ ಸಂಜೆ ನೋಂದಾಯಿಸುವುದು. ನೋಂದಣಿ ಆದ ದಿನ-ಗಂಟೆ ಮತ್ತು 12ನೇ ನಮೂನೆಯ ಅಪಘಾತ ವರದಿಯ ದಿನ-ಗಂಟೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಕಡ್ಡಾಯವಾಗಲಿ. ಆದರೆ ನೋಂದಣಿ ತಡವಾಗಿದೆ ಅಂದಮಾತ್ರಕ್ಕೆ ಕಾರ್ಮಿಕನ ಕ್ಲೇಮು ಸುಳ್ಳಾಗುವುದಿಲ್ಲ. ಅವನು ನಿಜವಾಗಿ ಅಲ್ಲಿ ಕೆಲಸ ಮಾಡುತ್ತಿದ್ದನೇ ಎಂಬುದೇ ಪ್ರಶ್ನೆ. ಹಾಜರಾತಿ ಪುಸ್ತಕ, ಕೂಲಿ ಪಾವತಿ, ಜೊತೆ ಕೆಲಸಗಾರರ ಹೇಳಿಕೆ, ಸ್ಥಳ ತನಿಖೆ. ತಡ ಮಾಡಿದ ಮಾಲೀಕರ ಮೇಲಿನ ಕ್ರಮ ಬೇರೆ ಕಡತದಲ್ಲಿ ನಡೆಯಲಿ, ಇದರ ಜೊತೆ ಗಂಟು ಹಾಕಬಾರದು.

ಒಬ್ಬರಿಗೆ ಎರಡು ವಿಮಾ ಸಂಖ್ಯೆ ಇರುವುದು ಇನ್ನೊಂದು ಗೋಜಲು. ಕೆಲಸ ಬದಲಿಸಿದಾಗ ಹೊಸ ಮಾಲೀಕರು ಹಳೆಯ ಸಂಖ್ಯೆ ಕೇಳದೆ ಹೊಸದು ಸೃಷ್ಟಿಸುತ್ತಾರೆ. ವಂತಿಗೆ ಎರಡು ಕಡೆ ಒಡೆದು, ಒಂದರಲ್ಲಿ 50, ಇನ್ನೊಂದರಲ್ಲಿ 60 ದಿನ ಬೀಳುತ್ತದೆ. ಎರಡೂ 78 ಮುಟ್ಟುವುದಿಲ್ಲ, ಸೇರಿಸಿದರೆ 110. ಕೊರತೆ ಕಂಡಾಗಲೆಲ್ಲ "ಇದಕ್ಕೂ ಮುಂಚೆ ಎಲ್ಲಿ ಕೆಲಸ ಮಾಡುತ್ತಿದ್ದಿರಿ?" ಎಂದು ಕೇಳುವುದನ್ನು ಕೌಂಟರಿನವರಿಗೆ ರೂಢಿ ಮಾಡಿಸಿ. ಕೆಲಸದಲ್ಲೇ ಇರುವವರನ್ನು ಮಾಲೀಕರು ತಪ್ಪಾಗಿ "ಕೆಲಸ ಬಿಟ್ಟಿದ್ದಾರೆ" ಎಂದು ನಮೂದಿಸಿದ ಪ್ರಕರಣಗಳನ್ನೂ ಇದೇ ಪ್ರಶ್ನೆ ಹೊರಗೆ ತರುತ್ತದೆ.

ಲೆಕ್ಕತಪಾಸಣೆ

ಪಾಸ್‌ವರ್ಡ್. ಕಡತ ತಯಾರಿಸುವವರು ಒಬ್ಬರು, ಅನುಮೋದಿಸುವವರು ಇನ್ನೊಬ್ಬರು ಎಂಬ ವ್ಯವಸ್ಥೆ ಇರುವುದೇ ಒಂದೇ ಕೈಯಲ್ಲಿ ಹಣ ಹೊರಡದಿರಲಿ ಎಂದು. ರಶ್ ಇದೆ ಎಂದು ಮೇಲ್ವಿಚಾರಕರು ತಮ್ಮ ಪಾಸ್‌ವರ್ಡನ್ನು ಗುಮಾಸ್ತರಿಗೆ ಕೊಟ್ಟ ಕ್ಷಣ ಆ ವ್ಯವಸ್ಥೆ ಮುಗಿಯಿತು, ಜವಾಬ್ದಾರಿ ಮಾತ್ರ ಮೇಲ್ವಿಚಾರಕರ ತಲೆಯ ಮೇಲೇ ಉಳಿಯುತ್ತದೆ. ರಜೆ ಹೋಗುವಾಗ ಪ್ರಭಾರವನ್ನು ಲಿಖಿತವಾಗಿ ಬೇರೆಯವರ ಲಾಗಿನ್‌ಗೆ ವಹಿಸಿ.

ಪಾವತಿಗೆ ಕೆಲವೇ ದಿನ ಮುಂಚೆ ಬ್ಯಾಂಕ್ ಖಾತೆ ಬದಲಾದ ಕ್ಲೇಮುಗಳನ್ನು ಪ್ರತಿ ವಾರ ಬೇರೆ ತೆಗೆದು ನೋಡಿ. ಒಂದೇ ಖಾತೆಗೆ ಎರಡು ವಿಮಾದಾರರ ಹಣ ಹೋಗಿದೆಯೇ, ಒಬ್ಬ ವೈದ್ಯರ ಪ್ರಮಾಣಪತ್ರಗಳು ಒಂದೇ ಕಾರ್ಖಾನೆಯವರಿಗೆ ಒಂದೇ ವಾರ ಸಾಲಾಗಿ ಬಂದಿವೆಯೇ, ಹಬ್ಬದ ವಾರದ ಹಿಂದೆ ಮುಂದೆ ರಜೆಗಳು ಉಬ್ಬಿವೆಯೇ. ಇವು ಅಪರಾಧಕ್ಕೆ ಸಾಕ್ಷ್ಯವಲ್ಲ, ಎಲ್ಲಿ ನೋಡಬೇಕೆಂಬ ಸೂಚನೆ ಅಷ್ಟೇ. ಅನುಮಾನ ಬಂದ ಕ್ಲೇಮನ್ನು ಕಾರಣ ಬರೆದು ತನಿಖೆಗೆ ಕಳಿಸಿ. ಕಾರಣ ಬರೆಯದೆ ಸುಮ್ಮನೆ ಬದಿಗಿಡುವುದಕ್ಕೆ ಬಿಡಬೇಡಿ.

ಮಾದರಿ ತಪಾಸಣೆಗೆ ಕಡತ ಆರಿಸುವಾಗ ಗುಮಾಸ್ತರು ತಂದುಕೊಟ್ಟದ್ದನ್ನು ನೋಡಬಾರದು. ಕ್ಲೇಮು ಸಂಖ್ಯೆಯ ಕೊನೆಯ ಅಂಕಿ ಈ ವಾರ 3, ಮುಂದಿನ ವಾರ 8, ಹೀಗೆ ನೀವೇ ಆರಿಸಿ. ಸಿಕ್ಕಿದ ತಪ್ಪನ್ನು ಗುಮಾಸ್ತನ ಹೆಸರಿನ ಮುಂದೆ ಮಾತ್ರ ಬರೆಯದೆ ತಪ್ಪಿನ ಬಗೆಯ ಮುಂದೆಯೂ ಬರೆಯಿರಿ. ದರ, ದಿನ, ಅವಧಿ, ದಾಖಲೆ, ಖಾತೆ. ಒಂದೇ ಬಗೆ ಎಲ್ಲರಲ್ಲೂ ಕಂಡರೆ ಅದು ತರಬೇತಿಯ ಕೊರತೆ, ಒಬ್ಬರಲ್ಲೇ ಕಂಡರೆ ಅವರೊಂದಿಗೆ ಕೂತು ಮಾತಾಡಬೇಕಾದ ವಿಷಯ.

ಷರಾ

ಮೊದಲೆರಡು ದಿನದ ಬಗ್ಗೆ ಕೌಂಟರಿನಲ್ಲಿ ದಿನಾ ಜಗಳ ಆಗುತ್ತದೆ. ಕಾಯಿಲೆಯ ಒಂದು ಸುತ್ತಿನ ಮೊದಲ ಎರಡು ದಿನಕ್ಕೆ ಸೌಲಭ್ಯ ಇಲ್ಲ. ಆದರೆ ಹಿಂದೆ ಸೌಲಭ್ಯ ಕೊಟ್ಟ ಸುತ್ತು ಮುಗಿದ 15 ದಿನದೊಳಗೆ ಮತ್ತೆ ಕಾಯಿಲೆಯಾದರೆ ಆ ಎರಡು ದಿನ ಕಳೆಯುವಂತಿಲ್ಲ. ಈ ಎರಡನೇ ವಾಕ್ಯ ಮರೆತವರೇ ಹೆಚ್ಚು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಕೌಂಟರಿನ ಎರಡೂ ಬದಿಗೆ ಅಂಟಿಸಿ. ವಿಮಾದಾರನಿಗೂ ಕಾಣಲಿ, ಗುಮಾಸ್ತನಿಗೂ ಕಾಣಲಿ.

ಹಾಗೆಯೇ ಕಾಯಿಲೆ ಸೌಲಭ್ಯದ ಗರಿಷ್ಠ ಮಿತಿಯಾದ 91 ದಿನ ಮುಗಿಯಿತು ಅಂತ ಕಡತ ಮುಚ್ಚುವ ಮುಂಚೆ ಕಾಯಿಲೆಯ ಹೆಸರು ಓದಬೇಕು. ಕ್ಷಯ, ಕ್ಯಾನ್ಸರ್ ಮುಂತಾದ 34 ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದ್ದರೆ, ಎರಡು ವರ್ಷದ ಸತತ ಸೇವೆ ಮತ್ತು 156 ದಿನದ ವಂತಿಗೆ ಇದ್ದರೆ, 80 ಶೇಕಡಾ ದರದಲ್ಲಿ ಎರಡು ವರ್ಷದವರೆಗೆ ವಿಸ್ತೃತ ಸೌಲಭ್ಯ ಇದೆ. ಅದನ್ನು ಕೇಳಿಕೊಂಡು ಬರುವಷ್ಟು ಶಕ್ತಿ ಆ ರೋಗಿಗೆ ಆ ಹೊತ್ತಿನಲ್ಲಿ ಇರುವುದಿಲ್ಲ. ಕಚೇರಿಯೇ ಪತ್ರ ಬರೆಯಬೇಕು. 80ನೇ ದಿನ ದಾಟಿದವರ ಪಟ್ಟಿ ಪ್ರತಿ ಸೋಮವಾರ ಮೇಜಿನ ಮೇಲಿರಲಿ.

ಟಪಾಲುಮೇಜು

ಹೊಸ ಸಂಹಿತೆ ಬಂದ ಮೇಲೆ ಕಲಂಗಳ ಉಲ್ಲೇಖ ಹೇಗೆ?

ಹಿಂಬರಹ

1948ರ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 2020, ನವೆಂಬರ್ 21, 2025ರಿಂದ ಜಾರಿಯಲ್ಲಿದೆ. ಆದೇಶಗಳ ಹಳೆಯ ಸಿದ್ಧ ಪಠ್ಯವನ್ನು ನಕಲು ಮಾಡಿ ಹೆಸರು ಮಾತ್ರ ಬದಲಿಸುವ ಅಭ್ಯಾಸವನ್ನು ಈಗಲೇ ಬಿಡಿಸಿ. ನಾನು ಮೇಲೆ ಹಳೆಯ ಕಲಂ ಸಂಖ್ಯೆ ಕೊಟ್ಟಿದ್ದು ಹುಡುಕಲು ಸುಲಭವಾಗಲಿ ಎಂದು. ಆದೇಶದಲ್ಲಿ ಬರೆಯುವ ಮುಂಚೆ ಆ ದಿನ ಅನ್ವಯವಾಗುವ ಕಾನೂನು ಮತ್ತು ಮುಖ್ಯ ಕಚೇರಿಯ ಸುತ್ತೋಲೆ ನೋಡಿ. ಸುತ್ತೋಲೆ ಬಂದ ದಿನವೇ ಎಲ್ಲರನ್ನೂ ಹದಿನೈದು ನಿಮಿಷ ಕೂರಿಸಿ ಓದಿ, ಅದು ಅನ್ವಯವಾಗುವ ಒಂದು ಬಾಕಿ ಕಡತವನ್ನು ಅಲ್ಲೇ ಬಿಡಿಸಿ ತೋರಿಸಿ. ಬರೀ ಸಹಿ ಹಾಕಿಸಿಕೊಂಡರೆ ಯಾರೂ ಓದುವುದಿಲ್ಲ.

ಲೆಕ್ಕತಪಾಸಣೆ

ಅವಲಂಬಿತರ ಸೌಲಭ್ಯದ ಬಗ್ಗೆ ಇನ್ನೊಂದು, ಯಾಕೆಂದರೆ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ತಪ್ಪು. ಪೂರ್ಣ ದರದಲ್ಲಿ (ಮನೆಯವರಿಗೆಲ್ಲ ಸೇರಿ ದಿನಕ್ಕೆ ಸಿಗಬಹುದಾದ ಗರಿಷ್ಠ ಮೊತ್ತ) ವಿಧವೆಗೆ 3/5, ಪ್ರತಿ ಮಗುವಿಗೆ 2/5. ಒಟ್ಟು ಪೂರ್ಣ ದರ ಮೀರಿದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹೆಂಡತಿ ಮತ್ತು ಮೂರು ಮಕ್ಕಳಿದ್ದರೆ ಕೂಡಿಸಿದಾಗ 9/5 ಆಗುತ್ತದೆ. ಹಾಗಾಗಿ ತಾಯಿಗೆ 1/3, ಮಕ್ಕಳಿಗೆ ತಲಾ 2/9. ದಿನದ ಪೂರ್ಣ ದರ 630 ರೂಪಾಯಿ ಇದ್ದರೆ ತಾಯಿಗೆ 210, ಮಕ್ಕಳಿಗೆ ತಲಾ 140.

ಈಗ ದೊಡ್ಡ ಮಗನಿಗೆ 25 ತುಂಬಿತು. ಅವನ 140 ನಿಲ್ಲಿಸುವುದು ಎಲ್ಲರಿಗೂ ನೆನಪಿರುತ್ತದೆ. ಉಳಿದವರ ಪಾಲು ಏರಬೇಕು ಎಂಬುದು ಮರೆತುಹೋಗುತ್ತದೆ. ಈಗ ಕೂಡಿಸಿದರೆ 7/5. ಅಂದರೆ ತಾಯಿಗೆ 3/7, ಇಬ್ಬರಿಗೆ ತಲಾ 2/7: 270, 180, 180. ನಿಲ್ಲಿಸಿ ಸುಮ್ಮನಾದರೆ ಆ ಮನೆಗೆ ದಿನಕ್ಕೆ 140 ರೂಪಾಯಿ ಪ್ರತಿದಿನ ಖೋತಾ. ಮಗಳ ಮದುವೆ, ವಿಧವೆಯ ಮರುಮದುವೆ, ಸಾವು ಎಲ್ಲದರಲ್ಲೂ ಇದೇ ಲೆಕ್ಕ. ಜೀವಿತ ಪ್ರಮಾಣಪತ್ರ ಬಂದಾಗ ಕುಟುಂಬದ ಸ್ಥಿತಿಯ ಘೋಷಣೆಯನ್ನೂ ಓದಿ ಮರುಲೆಕ್ಕ ಹಾಕಬೇಕು. ಬರೀ "ಜೀವಂತ" ಎಂದು ಟಿಕ್ ಹಾಕಿದರೆ ಸಾಲದು.

ಕಡತಸಂಖ್ಯೆ

ಅದಕ್ಕೆ ಹುಟ್ಟಿದ ದಿನಾಂಕಗಳ ವಹಿ ಇಡಿ. ಪ್ರತಿ ಅವಲಂಬಿತರ ಕಡತದಿಂದ ಗಂಡುಮಕ್ಕಳಿಗೆ 25 ತುಂಬುವ ತಿಂಗಳನ್ನು ಬರೆದು, ತಿಂಗಳುವಾರು ಜೋಡಿಸಿ. ಮುಂದಿನ ಮೂರು ತಿಂಗಳ ಪುಟವನ್ನು ವಿಷಯ ನಿರ್ವಾಹಕರಿಗೆ ಮುಂಚೆಯೇ ಕೊಟ್ಟರೆ ನಿಲ್ಲಿಸುವ ಆದೇಶ, ಏರಿಸುವ ಆದೇಶ ಎರಡೂ ಒಂದೇ ಟಿಪ್ಪಣಿಯಲ್ಲಿ ಬರುತ್ತವೆ. ಏರಿಸುವ ಪ್ಯಾರಾ ಇಲ್ಲದ ನಿಲ್ಲಿಸುವ ಟಿಪ್ಪಣಿಗೆ ಸಹಿ ಹಾಕಬೇಡಿ.

ಟಪಾಲುಮೇಜು

ಹಳೆಯ ಅವಲಂಬಿತರ ಕಡತಗಳಲ್ಲಿ ಈಗಾಗಲೇ ಕಡಿಮೆ ಪಾವತಿಯಾಗಿದ್ದರೆ?

ಲೆಕ್ಕತಪಾಸಣೆ

ಪಾಲು ಬದಲಾಗಬೇಕಿದ್ದ ದಿನದಿಂದ ವ್ಯತ್ಯಾಸ ಲೆಕ್ಕ ಹಾಕಿ, ದಿನಾಂಕವಾರು ತಖ್ತೆಯೊಂದಿಗೆ ಪ್ರಾದೇಶಿಕ ಕಚೇರಿಗೆ ಪ್ರಸ್ತಾವ ಕಳಿಸಿ. ಕುಟುಂಬ ಅರ್ಜಿ ಕೊಡಲಿ ಎಂದು ಕಾಯಬೇಡಿ. ಪಾಲು ಕಡಿಮೆಯಾಗಿದೆ ಎಂಬುದು ಅವರಿಗೆ ತಿಳಿಯುವ ದಾರಿಯೇ ಇಲ್ಲ.